ಬೆಳೆದ ಮಕ್ಕಳೊಡನೆ ಪಂಪಾಕ್ಷೇತ್ರಕ್ಕೆ

ಮಕ್ಕಳು ಚಿಕ್ಕವರಾಗಿದ್ದಾಗ ಪ್ರವಾಸ ಹೊರಡುವುದು ಸುಲಭ. ಕೈ ಹಿಡಿದು ಎಲ್ಲಿಗೆ ಕರೆದರೂ ಬರುತ್ತಾರೆ. ಕಡಲೆ, ಬಾಳೆಹಣ್ಣು ಕೊಡಿಸಿದರೆ ಸಂತುಷ್ಟರಾಗುತ್ತಾರೆ. ಬೆಳೆದ ಮಕ್ಕಳ ಸಂಗತಿಯೇ ಬೇರೆ. ಅವರಿಗೆ ಅವರದೇ ಆದ ಅಭಿರುಚಿ, ಅವರದೇ ಆದ ಮೌನ. ತಂದೆತಾಯಿಗಳ ಜೊತೆ ನಾಲ್ಕು ದಿನ ಕಳೆಯುವುದು ಅವರಿಗೊಂದು ಶಿಕ್ಷೆಯಂತೆ ತೋರುವ ವಯಸ್ಸದು. ಆದರೂ ಅಂಥ ವಯಸ್ಸಿನಲ್ಲಿಯೇ ಅವರನ್ನು ಕರೆದೊಯ್ಯಬೇಕೆಂಬುದು ನಾವು ಕಂಡುಕೊಂಡ ಸತ್ಯ. ಅದನ್ನು ಇತರ ಕುಟುಂಬಗಳೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ನಮ್ಮ ಮಗಳಿಗೆ ಹದಿನೇಳು, ಮಗನಿಗೆ ಹದಿನಾಲ್ಕು. ಬರುವ ವರ್ಷ ಮಗಳು ಓದಿಗಾಗಿ ಮನೆ ಬಿಟ್ಟು ಹೊರಡುವವಳು. ದಸರಾ ರಜೆಗೆ ಮುನ್ನ ಒಂದು ಸಂಜೆ ಆಕೆ ತನ್ನ ಸಹಪಾಠಿಯ ಕುಟುಂಬದವರು ಇಟಲಿಯ ದಕ್ಷಿಣ ಭಾಗಕ್ಕೆ ಹೋಗಿಬಂದ ಚಿತ್ರಗಳನ್ನು ತೋರಿಸಿದಳು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಪರ್ವತ ಉಗುಳಿದ ಬೂದಿಯಡಿ ಹೂತುಹೋಗಿದ್ದ ಪಾಂಪೆ ನಗರದ ಬೀದಿಗಳವು. "ನಾವೂ ಇಂಥದೊಂದು ಊರನ್ನು ನೋಡಬೇಡವೇ?" ಎಂದು ಕೇಳಿದಳು. ನನ್ನ ಜೇಬಿಗೆ ಇಟಲಿ ನಿಲುಕುವಂತಿರಲಿಲ್ಲ. ಆದರೆ ಉತ್ತರ ತಾನಾಗಿ ಬಂದಿತು: "ಇಟಲಿಯವರೇ ಇಲ್ಲಿಗೆ ಬಂದು ನೋಡಿದ ಊರನ್ನು ನಾವಿನ್ನೂ ನೋಡಿಲ್ಲವಲ್ಲ!" ವೆನಿಸ್ ಕಡೆಯ ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದನು. ಅದೇ ನಾಡಿನ ಸೀಸರ್ ಫ್ರೆಡರಿಕ್ ಎಂಬ ವ್ಯಾಪಾರಿ 1567ರಲ್ಲಿ, ಎಂದರೆ ರಾಜಧಾನಿ ಹಾಳಾದ ಎರಡೇ ವರ್ಷಗಳ ತರುವಾಯ, ಅಲ್ಲಿ ತಿಂಗಳುಗಟ್ಟಲೆ ತಂಗಿ, ಮನೆಗಳು ನಿಂತಿದ್ದರೂ ಜನರಿಲ್ಲದೆ ಬರಿದಾಗಿದ್ದುದನ್ನು ಬರೆದಿಟ್ಟನು. ಹೀಗೆ ನಮ್ಮ ಇಟಲಿ ಹಂಪೆಯಾಯಿತು.

ಅಂದಿನ ರಾತ್ರಿಯೇ ದಿನಚರಿಯ ಹಾಳೆಯಲ್ಲಿ ಎರಡು ದಿನಗಳ ಕಾರ್ಯಕ್ರಮ ಬರೆದೆನು. ಇಪ್ಪತ್ತೆರಡು ಸ್ಥಳ, ಗಂಟೆಗೆ ಗಂಟೆಗೆ ಲೆಕ್ಕ. ಮಗಳು ಓದಿ, "ಅಪ್ಪಾ, ಇದು ಪ್ರವಾಸವಲ್ಲ, ಪರೀಕ್ಷೆಯ ವೇಳಾಪಟ್ಟಿ" ಎಂದಳು. ಮಗ ಏನೂ ಹೇಳದೆ ಎದ್ದುಹೋದನು. ನನಗೆ ಸಿಟ್ಟು ಬಂದಿತು. ಆಗ ನನ್ನ ಶ್ರೀಮತಿ ಒಂದು ಉಪಾಯ ಸೂಚಿಸಿದಳು. ಮನೆಯ ಪ್ರತಿಯೊಬ್ಬರೂ ಒಂದೊಂದು ಸ್ಥಳವನ್ನು ಆರಿಸಬೇಕು. ಆರಿಸಿದವರು ಮುಂಚಿತವಾಗಿ ಓದಿಕೊಂಡು, ಅಲ್ಲಿಗೆ ಹೋದಾಗ ಉಳಿದವರಿಗೆ ವಿವರಿಸಬೇಕು. ಆ ದಿನ ಅವರೇ ಯಜಮಾನರು. ಮಗಳು ಹಂಪೆಯನ್ನು, ಮಗ ಕಂಪ್ಲಿಯನ್ನು, ಶ್ರೀಮತಿ ಸಂಡೂರನ್ನು ಆರಿಸಿದರು. ಎಂಬತ್ತು ದಾಟಿದ ನನ್ನ ತಾಯಿ, "ನನಗೆ ಡ್ಯಾಮಿನ ನೀರು ತೋರಿಸಿದರೆ ಸಾಕು" ಎಂದರು. ನನ್ನ ಪಾಲಿಗೆ ಉಳಿದದ್ದು ಖರ್ಚು. ಎರಡು ದಿನದ ಪ್ರವಾಸ ಐದು ದಿನಗಳದ್ದಾಯಿತು.

ಹೊಸಪೇಟೆಯನ್ನೇ ನೆಲೆಯಾಗಿ ಇಟ್ಟುಕೊಳ್ಳುವುದು ಲೇಸು. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಕೇಂದ್ರ ಇದು. ಬೆಂಗಳೂರಿನಿಂದ ರಾತ್ರಿಯ ರೈಲು ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಇಲ್ಲಿಂದ ಹಂಪೆ ಸುಮಾರು 13 ಕಿ.ಮೀ.; ಸಂಡೂರು ಮತ್ತು ಕಂಪ್ಲಿ ಒಂದೊಂದು ದಿಕ್ಕಿಗೆ ಸುಮಾರು 30 ಕಿ.ಮೀ.; ಅಣೆಕಟ್ಟು ಊರಿಗೆ ಅಂಟಿಕೊಂಡಂತೆಯೇ ಇದೆ. ದಿನವೂ ವಸತಿ ಬದಲಿಸುವ ತೊಂದರೆಯಿಲ್ಲ. ಆಯಾಸವಾದ ಹಿರಿಯರು ಕೋಣೆಯಲ್ಲಿಯೇ ವಿಶ್ರಮಿಸಬಹುದು.

ಮೊದಲ ದಿನದ ಸಂಜೆ ತಾಯಿಯವರ ಪಾಳಿ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತಿತು. ಸಿಮೆಂಟಿನ ಬದಲು ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಲ್ಲು ಕಟ್ಟಿದ ಅಣೆಕಟ್ಟು ಇದು; 33 ಗೇಟುಗಳು. ಹಿನ್ನೀರಿನಲ್ಲಿ ಮುಳುಗಿದ ಅನೇಕ ಊರುಗಳಲ್ಲಿ ನನ್ನ ತಾಯಿಯ ತವರೂ ಒಂದು. ಊರು ಎತ್ತುವಾಗ ಅವರಿಗೆ ಹತ್ತು ಹನ್ನೊಂದು ವರ್ಷ. ಬಂಡಿಯಲ್ಲಿ ಮನೆಯ ಬಾಗಿಲುವಾಡವನ್ನೂ ತೊಲೆಗಳನ್ನೂ ಹೇರಿಕೊಂಡು ಬಂದುದನ್ನು ಅವರು ಮೊಮ್ಮಕ್ಕಳಿಗೆ ಹೇಳಿದರು. ನಾನೂ ಅದನ್ನು ಪೂರ್ತಿಯಾಗಿ ಕೇಳಿದ್ದು ಅಂದೇ. ಮಗ ಕೇಳಿದನು: "ಅಜ್ಜಿ, ನಿನಗೆ ಈ ಡ್ಯಾಮಿನ ಮೇಲೆ ಸಿಟ್ಟಿಲ್ಲವೇ?" ಅವರು ಬೇರೊಂದು ಮಾತು ತೆಗೆದರು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಈ ಮುದುಕಿ ಮೂರು ದಿನ ಸರಿಯಾಗಿ ಉಂಡಿರಲಿಲ್ಲ. "ನಮ್ಮೂರು ಕೊಟ್ಟು ಕೂಡಿಸಿದ ನೀರು ಹರಿದುಹೋಗುತ್ತಿದೆಯಲ್ಲ" ಎಂಬುದು ಅವರ ಕೊರಗು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದ ಸುದ್ದಿ ಬಂದ ಮೇಲೆಯೇ ಅವರ ಮುಖ ಅರಳಿತ್ತು. ದಸರೆಯ ಕಾಲವಾದುದರಿಂದ ಜಲಾಶಯ ತುಂಬಿತ್ತು. ಊರಿದ್ದ ದಿಕ್ಕಿಗೆ ನೋಡಿ ಅವರು ಕೈ ಮುಗಿದರು. ಮಗ ತಾನಾಗಿ ಅಜ್ಜಿಯ ಕೈ ಹಿಡಿದುಕೊಂಡು ನಿಂತನು.

ಎರಡನೆಯ ಮತ್ತು ಮೂರನೆಯ ದಿನ ಹಂಪೆ. ಇಲ್ಲಿ ಕೆಲವು ಸೂಚನೆಗಳು ಅವಶ್ಯ. ಬೆಳಗಿನ ತಂಪಿನಲ್ಲಿಯೇ ನಡಿಗೆ ಆರಂಭಿಸಬೇಕು. ಹೊತ್ತೇರಿದಂತೆ ಬಂಡೆಗಳು ಕಾದು ಕೆಂಡವಾಗುತ್ತವೆ. ವಿಜಯವಿಠ್ಠಲ ದೇಗುಲ, ಕಮಲಮಹಲು ಹಾಗೂ ಆನೆಲಾಯಗಳ ಆವರಣ, ಕಮಲಾಪುರದ ವಸ್ತುಸಂಗ್ರಹಾಲಯ, ಈ ಮೂರಕ್ಕೂ ಅದೇ ದಿನದ ಮಟ್ಟಿಗೆ ಒಂದೇ ಚೀಟಿ ನಡೆಯುತ್ತದೆ. ಹದಿನೈದು ವರ್ಷದೊಳಗಿನವರಿಗೆ ಶುಲ್ಕವಿಲ್ಲ. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅಲ್ಲಿರುವ ಹಂಪೆಯ ಮಾದರಿಯನ್ನು ಮೊದಲು ನೋಡಿದರೆ ಮುಂದಿನ ತಿರುಗಾಟವೆಲ್ಲ ಅರ್ಥವಾಗುತ್ತದೆ. ವಿಠ್ಠಲ ದೇಗುಲಕ್ಕೆ ಬ್ಯಾಟರಿ ವಾಹನದ ಸೌಕರ್ಯವಿರುವುದರಿಂದ ಹಿರಿಯರೂ ಹೋಗಬಹುದು. ಐವತ್ತು ರೂಪಾಯಿ ನೋಟಿನಲ್ಲಿರುವ ಕಲ್ಲಿನ ತೇರನ್ನು ಎದುರಿಗೆ ಕಂಡಾಗ ಮಗ ನೋಟನ್ನು ತೆಗೆದು ಹೋಲಿಸಿ ನೋಡಿದನು.

ನನ್ನ ಪಟ್ಟಿಯ ಇಪ್ಪತ್ತೆರಡರಲ್ಲಿ ಮಗಳು ಎಂಟನ್ನೇ ಉಳಿಸಿದ್ದಳು. ಆದರೆ ಒಂದೊಂದರಲ್ಲಿ ಗಂಟೆಗಟ್ಟಲೆ ನಿಂತಳು. ಮಹಾನವಮಿ ದಿಬ್ಬದ ಬಳಿ ಮೆಟ್ಟಿಲುಗಳ ಪುಷ್ಕರಣಿಯೊಂದಿದೆ. 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದುದು. ಅದರ ಕಪ್ಪು ಕಲ್ಲುಗಳ ಮೇಲೆ, ಯಾವ ದಿಕ್ಕು, ಯಾವ ಸಾಲು ಎಂದು ತಿಳಿಸುವ ಗುರುತುಗಳನ್ನು ಶಿಲ್ಪಿಗಳು ಕೆತ್ತಿದ್ದಾರೆ. ಬೇರೆಡೆ ಕಡೆದ ಕಲ್ಲುಗಳನ್ನು ತಂದು ಇಲ್ಲಿ ಜೋಡಿಸಿದ ಬಗೆಯನ್ನು ಆಕೆ ತಮ್ಮನಿಗೆ ವಿವರಿಸುತ್ತಿದ್ದಾಗ ಅವಳ ಕಣ್ಣಿನಲ್ಲಿದ್ದ ಹೊಳಪನ್ನು ನಾನು ಗಣಿತದ ಪುಸ್ತಕದ ಮುಂದೆ ಎಂದೂ ಕಂಡಿರಲಿಲ್ಲ.

ಸಂಜೆ ವಿರೂಪಾಕ್ಷನ ದರ್ಶನ ಮಾಡಿದೆವು. 1565ರ ಯುದ್ಧದ ನಂತರ ರಾಜಧಾನಿ ಪಾಳುಬಿದ್ದರೂ ಇಲ್ಲಿಯ ಪೂಜೆ ಇಂದಿಗೂ ನಡೆದಿದೆ. ಮಹಾಗೋಪುರದ ನೆರಳು ಕಿಂಡಿಯೊಂದರಿಂದ ಹಾಯ್ದು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವ ಕೋಣೆಯಲ್ಲಿ ಮಗ ಬೆಳಕಿನ ಪಾಠವನ್ನು ನಮಗೆಲ್ಲ ಬೋಧಿಸಿದನು. ಆಮೇಲೆ ಹೇಮಕೂಟವನ್ನೇರಿ ಕುಳಿತೆವು. ಶಿವಕವಿ ಹರಿಹರ ಬಾಳಿದ್ದು ಈ ಕ್ಷೇತ್ರದಲ್ಲಿ. ಅವನ ಸೋದರಳಿಯ ರಾಘವಾಂಕನೂ ಇಲ್ಲಿಯವನೇ. ಮುಂದೆ ಪ್ರೌಢದೇವರಾಯನ ಕಾಲದಲ್ಲಿ, ಎಂದರೆ 1424ರಿಂದ 1446ರವರೆಗಿನ ಅವಧಿಯಲ್ಲಿ, ಪ್ರಭುಲಿಂಗಲೀಲೆಯ ಚಾಮರಸ, ಶಿವತತ್ತ್ವ ಚಿಂತಾಮಣಿಯ ಲಕ್ಕಣ್ಣ ದಂಡೇಶ ಮೊದಲಾದವರಿಂದ ವಚನ ಪರಂಪರೆ ಪುನಃ ಚಿಗುರಿದುದೂ ಇದೇ ನೆಲದಲ್ಲಿ. ಹರಿಶ್ಚಂದ್ರನೆಂಬ ನರನನ್ನು ಕುರಿತು ಕಾವ್ಯ ಬರೆದನೆಂದು ಮುನಿದು ಹರಿಹರನು ರಾಘವಾಂಕನ ಹಲ್ಲು ಉದುರಿಸಿದ ಐತಿಹ್ಯ ಕೇಳಿ ಮಗ ನಕ್ಕನು. ಮಗಳು ನಗಲಿಲ್ಲ. "ಅಪ್ಪಾ, ಹರಿಹರ ಹೊಯ್ಸಳರ ಆಸ್ಥಾನದಲ್ಲಿ ಲೆಕ್ಕ ಬರೆಯುವ ಉದ್ಯೋಗ ಬಿಟ್ಟು ಇಲ್ಲಿಗೆ ಬಂದನಂತೆ. ಅವನ ಮನೆಯವರು ಏನೆಂದಿರಬಹುದು?" ಎಂದು ಕೇಳಿದಳು.

ಪ್ರಶ್ನೆ ಹರಿಹರನನ್ನು ಕುರಿತದ್ದಲ್ಲವೆಂದು ನನಗೆ ತಿಳಿಯಿತು. ಆಕೆಗೆ ಇಂಜಿನಿಯರಿಂಗ್ ಎಂದು ನಾನು ನಿಶ್ಚಯಿಸಿಬಿಟ್ಟಿದ್ದೆ; ಆಕೆಯನ್ನು ಕೇಳಿರಲಿಲ್ಲ. ಇತಿಹಾಸ, ಪುರಾತತ್ತ್ವ ಓದಬೇಕೆಂಬ ಆಸೆಯನ್ನು ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದಳಂತೆ. ಮನೆಯಲ್ಲಿ ಈ ಮಾತು ಬಂದಿದ್ದರೆ ನಾನು ಗದರಿಸುತ್ತಿದ್ದೆನೇನೋ. ಆ ಬಂಡೆಯ ಮೇಲೆ, ಸೂರ್ಯ ಇಳಿಯುತ್ತಿರುವ ಹೊತ್ತಿನಲ್ಲಿ, ಗದರಿಸಲು ಬಾಯಿ ಬರಲಿಲ್ಲ. "ಜೀವನೋಪಾಯಕ್ಕೆ ಏನು ಮಾಡುವೆ?" ಎಂದಷ್ಟೇ ಕೇಳಿದೆ. ಅದಕ್ಕೂ ಆಕೆ ವಿಚಾರ ಮಾಡಿಟ್ಟಿದ್ದಳು. ಮರುದಿನ ಮಧ್ಯಾಹ್ನ, ಪಟ್ಟಿಯಲ್ಲಿಲ್ಲದ ಒಂದು ಸ್ಥಳಕ್ಕೆ ನಾನೇ ಕರೆದೊಯ್ದೆನು: 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯ. ಆವರಣದಲ್ಲಿ ನಡೆಯುತ್ತ ಆಕೆ ಆಡಿದಷ್ಟು ಮಾತನ್ನು ಒಂದು ವರ್ಷದಲ್ಲಿ ಆಡಿರಲಿಲ್ಲ.

ನಾಲ್ಕನೆಯ ದಿನ ಸಂಡೂರು. ಮಳೆಗಾಲ ಮುಗಿದ ಹೊಸತರಲ್ಲಿ ಈ ಬೆಟ್ಟಗಳ ಹಸಿರು ಬಳ್ಳಾರಿ ಸೀಮೆಯದೇ ಎಂದು ನಂಬುವುದು ಕಷ್ಟ. ಘೋರ್ಪಡೆ ಮನೆತನ ಆಳಿದ ಈ ಪುಟ್ಟ ಸಂಸ್ಥಾನದ ದೇವಾಲಯಗಳು 1932ರಲ್ಲಿಯೇ ದಲಿತರಿಗೆ ತೆರೆದುವು. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದರು. ಬೆಟ್ಟದ ಮೇಲೆ ಪ್ರಾಚೀನವಾದ ಪಾರ್ವತಿ ಮತ್ತು ಕುಮಾರಸ್ವಾಮಿ ಗುಡಿಗಳಿವೆ. ಲಂಬಾಣಿ ಮಹಿಳೆಯರ ಕಸೂತಿಯನ್ನು ಶ್ರೀಮತಿ ಬೆರಗಿನಿಂದ ನೋಡಿ, ತಾಯಿಗೂ ಮಗಳಿಗೂ ಒಂದೊಂದು ಚೀಲ ಕೊಂಡಳು. ಆದರೆ ಅದೇ ದಾರಿಯಲ್ಲಿ ಕೆಂಪು ಧೂಳಿನ ಮರಗಳೂ ಬಗೆದ ಗುಡ್ಡಗಳೂ ಕಂಡುವು. ಅದಿರು ಗಣಿಗಾರಿಕೆ ಅತಿಯಾಗಿ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅದನ್ನು ತಡೆಯಬೇಕಾಯಿತು. ಮುಂದೆ ಮಿತಿಗಳೊಡನೆ ಮತ್ತೆ ಆರಂಭವಾಯಿತು. ಪಾಂಪೆಯನ್ನು ಬೆಟ್ಟ ಮುಚ್ಚಿತು. ಇಲ್ಲಿ ಮನುಷ್ಯನೇ ಬೆಟ್ಟವನ್ನು ಮುಗಿಸುತ್ತಿದ್ದಾನೆ ಎಂದು ಮಗಳು ಅಂದುದು ನನ್ನ ಮನಸ್ಸಿನಲ್ಲಿ ಉಳಿಯಿತು.

ಕೊನೆಯ ದಿನ ಮಗನ ಕಂಪ್ಲಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೇ ಅರಮನೆಯಿದ್ದ ಊರು; ಚೋಳರು ಅದನ್ನು ಕೆಡವಿದರು. ಆಮೇಲೆ ಕಂಪಿಲರಾಯ ಆಳಿದ ನಾಡು. ಅವನ ಮಗ ಕುಮಾರರಾಮ ಪರನಾರೀಸಹೋದರನೆಂದು ಜನಪದರ ಬಾಯಲ್ಲಿ ಇಂದಿಗೂ ಬದುಕಿದ್ದಾನೆ. 1327ರ ಸುಮಾರಿಗೆ ದೆಹಲಿಯ ತುಘಲಕನ ಸೇನೆಗೆ ಈ ರಾಜ್ಯ ಬಿದ್ದಿತು. ಹತ್ತು ವರ್ಷದೊಳಗೆ ಅದೇ ಹೊಳೆಯ ದಡದಲ್ಲಿ ವಿಜಯನಗರ ಎದ್ದಿತು. ಶಾಲೆಯಲ್ಲಿ ಎದ್ದು ನಿಂತು ಮಾತನಾಡಲು ಅಂಜುವ ಹುಡುಗ ಕೋಟೆಯ ಬಳಿ ಇದೆಲ್ಲವನ್ನೂ ತಡವರಿಸದೆ ಹೇಳಿದನು. ತೆಪ್ಪದಲ್ಲಿ ಕೂಡುವ ಅವನ ಆಸೆ ಮಾತ್ರ ಈಡೇರಲಿಲ್ಲ. ಹೊಳೆ ಸೆಳೆತದಲ್ಲಿತ್ತು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆಯೇ ಮುಳುಗುವುದುಂಟು; ಆದುದರಿಂದ ಮಳೆಗಾಲದಲ್ಲಿ ಬರುವವರು ವಿಚಾರಿಸಿಕೊಂಡೇ ಹೊರಡಬೇಕು. ತುಂಗಭದ್ರೆಯಲ್ಲಿ ಮಕ್ಕಳನ್ನು ಈಜಲು ಬಿಡಲೇಬಾರದು.

ಸೇತುವೆ ದಾಟಿ ಗಂಗಾವತಿಯ ಕಡೆಗೆ ಸ್ವಲ್ಪ ದೂರ ಹೋದೆವು. ಕಣ್ಣು ಹಾಯುವವರೆಗೂ ಭತ್ತ. ವಾಹನ ನಿಲ್ಲಿಸಲು ಹೇಳಿ ತಾಯಿ ಇಳಿದರು. ಇದೆಲ್ಲ ಆ ಡ್ಯಾಮಿನ ಕಾಲುವೆಯ ನೀರೇ ಎಂದು ಮೊಮ್ಮಗನನ್ನು ಕೇಳಿ ಖಚಿತಪಡಿಸಿಕೊಂಡರು. "ಅಂದು ನೀನು ಕೇಳಿದೆಯಲ್ಲ, ಸಿಟ್ಟಿಲ್ಲವೇ ಎಂದು. ಊರು ಹೋಯಿತೆಂದು ಎಷ್ಟೋ ವರ್ಷ ಅತ್ತೆ. ಹೋದ ನೀರು ಎಲ್ಲಿಗೆ ಮುಟ್ಟಿತೆಂದು ಇಂದು ನೋಡಿದೆ" ಎಂದರು. ಮಗಳು ನನ್ನ ಮುಖ ನೋಡಿದಳು. ಕಟ್ಟಿ ನಿಲ್ಲಿಸಿದ ನೀರನ್ನೂ ಒಂದು ದಿನ ಬಿಡಲೇಬೇಕು, ಬಿಟ್ಟರೇ ಬೆಳೆ ಎಂಬುದು ತಂದೆಯಾದವನಿಗೂ ತಿಳಿಯಬೇಕಾದ ಮಾತು.

ಊರಿಗೆ ಮರಳಿದ ಮೇಲೆ, ಎರಡೂ ಬಗೆಯ ಓದಿನ ವಿವರಗಳನ್ನು ಮಗಳೊಡನೆ ಕುಳಿತು ನೋಡುತ್ತಿದ್ದೇನೆ. ನಿರ್ಧಾರ ಅವಳದು ಎಂದು ಹೇಳಿದ್ದೇನೆ. ಹೇಳಿದಷ್ಟು ಸುಲಭವಾಗಿ ಮನಸ್ಸು ಒಪ್ಪುತ್ತಿಲ್ಲವೆಂಬುದೂ ನಿಜ.

ಬೆಳೆದ ಮಕ್ಕಳಿರುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಅವರು ಗೂಡು ಬಿಡುವ ಮುನ್ನ ಒಮ್ಮೆ ಎಲ್ಲರೂ ಕೂಡಿ ಹೊರಡಿರಿ. ದೂರದ ದೇಶವೇ ಆಗಬೇಕೆಂದಿಲ್ಲ. ಪಟ್ಟಿಯನ್ನು ಅವರ ಕೈಗೆ ಕೊಡಿರಿ, ಸ್ಥಳಗಳನ್ನು ಕಡಿಮೆ ಮಾಡಿರಿ, ಹಿರಿಯರನ್ನು ಜೊತೆಗೆ ಕರೆದೊಯ್ಯಿರಿ. ಸಂಜೆ ಒಂದು ಬಂಡೆಯ ಮೇಲೆ ಸುಮ್ಮನೆ ಕುಳಿತಿರಲು ಬಿಡುವು ಇಟ್ಟುಕೊಳ್ಳಿರಿ. ಮನೆಯಲ್ಲಿ ಬಾರದ ಮಾತು ಅಲ್ಲಿ ಬಂದೀತು.