ಗಿಡ್ಡ ಕಾಲಿನ ಅತಿಥಿ

"ಮೇಷ್ಟ್ರೇ, ಈ ವಯಸ್ಸಿನಲ್ಲಿ ನಿಮಗೇಕೆ ನಾಯಿ?" ಮನೆಗೆ ಬಂದ ಶಿಷ್ಯರೂ ಬಂಧುಗಳೂ ತಪ್ಪದೆ ಕೇಳುವ ಪ್ರಶ್ನೆಯಿದು. ಹೊಸ್ತಿಲ ಬಳಿ ಮಲಗಿರುವ ಆ ಉದ್ದ ಬೆನ್ನು, ಗಿಡ್ಡ ಕಾಲುಗಳನ್ನು ಕಂಡು ನಗದವರೂ ವಿರಳ. ಇಲ್ಲಿಯೇ ಉತ್ತರಿಸಿಬಿಡುತ್ತೇನೆ.

ಮೂರು ವರ್ಷಗಳ ಹಿಂದೆ, ಈಗ ಪಶುವೈದ್ಯನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಆರು ವರ್ಷದ ಡ್ಯಾಶ್‌ಹಂಡ್ ಒಂದನ್ನು ಚಿಕಿತ್ಸೆಗೆಂದು ತಂದು ಬಿಟ್ಟವರು ಮರಳಿ ಬಂದಿರಲಿಲ್ಲ. ಸೋಫಾದಿಂದ ಹಾರಿದಾಗ ಬೆನ್ನಿನ ಡಿಸ್ಕ್ ಜಾರಿ ಅದರ ಹಿಂಗಾಲುಗಳು ಸೋತಿದ್ದವು. "ಯೋಚಿಸಿ ಹೇಳುತ್ತೇನಪ್ಪ" ಎಂದೆ. ಈ ತಳಿ ಹನ್ನೆರಡರಿಂದ ಹದಿನಾರು ವರ್ಷ ಬದುಕುತ್ತದೆ, ನನ್ನ ಕಾಲಾನಂತರ ಯಾರು ನೋಡುವರು ಎಂಬುದು ನಾನು ಕೊಟ್ಟ ಕಾರಣ. ನಿಜ ಹೇಳಬೇಕೆಂದರೆ, ಮಲಮೂತ್ರ ಬಳಿಯಲು ನನಗೆ ಅಸಹ್ಯವಾಗಿತ್ತು. ನಾಲ್ಕು ದಿನ ಸುಮ್ಮನಿದ್ದೆ.

ಜರ್ಮನ್ ಭಾಷೆಯಲ್ಲಿ 'ಡಾಕ್ಸ್' ಎಂದರೆ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿ, 'ಹುಂಡ್' ಎಂದರೆ ನಾಯಿ. ಬಿಲದೊಳಗೆ ನುಗ್ಗಿ ಬೇಟೆಯನ್ನು ಹೊರಗಟ್ಟಲೆಂದೇ ಅಲ್ಲಿನ ಬೇಟೆಗಾರರು ತಲೆಮಾರುಗಳ ಕಾಲ ಆಯ್ದು ಬೆಳೆಸಿದ ದೇಹವಿದು. 1972ರ ಮ್ಯೂನಿಕ್ ಒಲಿಂಪಿಕ್ಸಿನ ಲಾಂಛನ 'ವಾಲ್ಡಿ'ಯೂ ಇದೇ ತಳಿ. ಆದರೆ ಕಾಲನ್ನು ಗಿಡ್ಡವಾಗಿಸುವ ಅದೇ ವಂಶವಾಹಿ ಬೆನ್ನಿನ ಡಿಸ್ಕ್‌ಗಳನ್ನೂ ಎಳೆಯ ವಯಸ್ಸಿನಲ್ಲೇ ಗಡಸಾಗಿಸುತ್ತದೆಯೆಂದು ಶಿಷ್ಯ ವಿವರಿಸಿದ. ಸುಮಾರು ಐದರಲ್ಲಿ ಒಂದಕ್ಕೆ ಈ ಬಾಧೆಯಂತೆ. ನಮ್ಮ ಅನುಕೂಲಕ್ಕೆ ನಾವೇ ತಿದ್ದಿದ ಬೆನ್ನು, ಮುರಿದಾಗ ಬೀದಿಗೆ. ಐದನೆಯ ದಿನ ಆಟೋ ಹಿಡಿದು ಹೋದೆ.

ಆರು ವಾರ ಪಂಜರದಲ್ಲೇ ವಿಶ್ರಾಂತಿ. ದಿನಕ್ಕೆ ಮೂರು ಬಾರಿ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಮೂತ್ರ ಮಾಡಿಸಬೇಕಿತ್ತು. ಮೊದಲ ದಿನ ಮುಖ ತಿರುಗಿಸಿದ್ದೆ. ಎರಡನೆಯ ವಾರಕ್ಕೆ, ಅದೇ ಕೈ ತೊಳೆದುಕೊಂಡು ಕಾಫಿ ಕುಡಿಯುವಷ್ಟು ರೂಢಿಯಾಯಿತು. ಏಳನೆಯ ವಾರ, ಒಲೆಯ ಮೇಲೆ ಹಾಲು ಉಕ್ಕುತ್ತಿದೆಯೆಂದು ನನ್ನಾಕೆ ಕೂಗಿದಾಗ, ಅದು ನನಗಿಂತ ಮೊದಲು ಎದ್ದು ಓಲಾಡುತ್ತ ಅಡುಗೆಮನೆಗೆ ನಡೆದಿತ್ತು. ಹಾಲು ಪೂರ್ತಿ ಉಕ್ಕಿಹೋಯಿತು. ಇಬ್ಬರೂ ಒಲೆ ಆರಿಸಲಿಲ್ಲ.

ಈಗಲೂ ಸೊಂಟ ವಾಲುತ್ತದೆ. ಮೆಟ್ಟಿಲಿಗೆ ಹಲಗೆಯ ಇಳಿಜಾರು ಹಾಕಿಸಿದ್ದೇನೆ. ಎತ್ತುವಾಗ ಎದೆಗೊಂದು, ಹಿಂಭಾಗಕ್ಕೊಂದು ಕೈ ಕೊಡಬೇಕು. ಮೈ ತೂಕ ಏರಗೊಡಬಾರದು. ಮಕ್ಕಳೇ, ಬರುವಾಗ ಬಿಸ್ಕತ್ತು ತರಬೇಡಿ.

ನನ್ನ ನಂತರ ತಾನು ನೋಡಿಕೊಳ್ಳುವೆನೆಂದು ವೈದ್ಯ ಶಿಷ್ಯ ಮಾತು ಕೊಟ್ಟಿದ್ದಾನೆ. ಹತ್ತನೆಯ ತರಗತಿಯಲ್ಲಿ ಅವನ ಮಾತುಗಳನ್ನು ಬಲ್ಲ ನಾನು, ಬರೆಸಿ ಸಹಿ ಹಾಕಿಸಿಕೊಂಡಿದ್ದೇನೆ.