ಹಿಂದಿನ ಸೀಟಿನಿಂದ ದೊಡ್ಡಬಳ್ಳಾಪುರ

"ಅಕ್ಕಾ, ಸೆರಗು!"

ಯಲಹಂಕದ ಮಾರ್ಗವಾಗಿ ದೊಡ್ಡಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಅದರಲ್ಲಿಯೂ ಭಾನುವಾರದ ಬೆಳಗಿನಲ್ಲಿ, ಈ ಕೂಗು ಅಪರೂಪವಲ್ಲ. ಕೂಗುವವರು ಯಾರೋ, ಕೂಗಿಸಿಕೊಳ್ಳುವವರು ಯಾರೋ. ಬಸ್ಸಿನ ಕಿಟಕಿಯಿಂದ, ಎಳನೀರಿನ ಗಾಡಿಯ ಬಳಿಯಿಂದ, ಹಿಂದಿನಿಂದ ಬಂದು ಮುಂದೆ ಹಾಯುವ ಮತ್ತೊಂದು ಮೋಟಾರ್ ಸೈಕಲ್ಲಿನಿಂದ ಎಚ್ಚರಿಕೆಯ ಮಾತು ಹಾರಿಬರುತ್ತದೆ. "ಅಣ್ಣಾ, ಸ್ಟ್ಯಾಂಡು!" ಎಂಬುದು ಇದಕ್ಕೆ ಜೊತೆಯಾದ ಇನ್ನೊಂದು ಕೂಗು. ಮುಖಪರಿಚಯವೂ ಇಲ್ಲದ ಜನ ಕ್ಷಣಕಾಲ ಅಣ್ಣ-ಅಕ್ಕಂದಿರಾಗಿ, ಮರುಕ್ಷಣವೇ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ.

ಕೂಗಿದವರ ಗಾಬರಿ ಅಕಾರಣವಾದುದಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಮೋಟಾರ್ ಸೈಕಲ್ಲಿನ ಗಾಲಿ ಸೆಕೆಂಡಿಗೆ ಐದು ಸುತ್ತಿಗಿಂತಲೂ ಹೆಚ್ಚಾಗಿ ತಿರುಗುತ್ತದೆ. ಅದರ ಕಡ್ಡಿಗಳ ನಡುವೆ ಸಿಕ್ಕಿದ ಸೆರಗು ಸುತ್ತಿಕೊಳ್ಳುವುದಕ್ಕೆ, "ರೀ, ನಿಲ್ಲಿಸಿ" ಎನ್ನುವಷ್ಟು ಅವಕಾಶವೂ ಬೇಕಾಗಿಲ್ಲ.

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಈ ಊರಿಗೆ, ಅಲ್ಲಿಂದ ಮುಂದೆ ಘಾಟಿ ಸುಬ್ರಹ್ಮಣ್ಯಕ್ಕೆ, ಇಬ್ಬರೇ ಕೂತು ಹೊರಡುವ ಸಂಸಾರಸ್ಥರು ಬಹಳ ಮಂದಿ. ಅಂಥ ಒಂದು ಜೋಡಿಯನ್ನು ಓದುಗರು ಕಲ್ಪನೆಯಲ್ಲಿ ಹಿಂಬಾಲಿಸಬಹುದು. ಯಜಮಾನರಿಗೆ ಹೊಸದಾಗಿ ಕೊಂಡ ಮೋಟಾರ್ ಸೈಕಲ್ಲಿನ ಮೇಲೆ ಅಪಾರ ಅಭಿಮಾನ. ಜೆ. ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿ ದೀಪ, ಕನ್ನಡಿ, ಚರ್ಮದ ಚೀಲಗಳಿಂದ ಅದನ್ನು ಅಲಂಕರಿಸಿದ್ದಾರೆ. ಅಲಂಕಾರಕ್ಕೆ ಅಡ್ಡಿಯೆಂದು ಒಂದನ್ನು ಮಾತ್ರ ಬಿಚ್ಚಿಸಿ ಮೂಲೆಗೆ ಹಾಕಿದ್ದಾರೆ. ಅದೇ ಹಿಂದಿನ ಗಾಲಿಯ ಎಡಗಡೆಗೆ ಕಂಪನಿಯವರು ಕೂರಿಸಿ ಕಳುಹಿಸಿದ್ದ ಸೀರೆ ಗಾರ್ಡು. ಶ್ರೀಮತಿಯವರು ದೇವರ ದರ್ಶನಕ್ಕೆಂದು ರೇಷ್ಮೆ ಸೀರೆ ಉಟ್ಟು, ಹಣ್ಣುಕಾಯಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೇ ಪಕ್ಕಕ್ಕೆ ಕಾಲು ಬಿಟ್ಟು ಹಿಂದೆ ಕುಳಿತಿದ್ದಾರೆ. ಅಲಂಕಾರಗಳಲ್ಲಿ ಒಂದಾದರೂ ತಮಗಾಗಿ ಬಂದುದಲ್ಲವೆಂಬುದು ಅವರಿಗೆ ಹೆಬ್ಬಾಳ ದಾಟುವುದರೊಳಗಾಗಿ ಮನವರಿಕೆಯಾಗಿದೆ.

ಹಾಗೆ ನೋಡಿದರೆ ಇದು ಈ ಒಬ್ಬ ಯಜಮಾನರ ತಪ್ಪಲ್ಲ. 1955ರಲ್ಲಿ ಮದರಾಸಿನಲ್ಲಿ ಜೋಡಿಸಲಾರಂಭಿಸಿದ ಬುಲೆಟ್ ಇಂಗ್ಲೆಂಡಿನ ನಕ್ಷೆಯದು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ ಚೆಕೊಸ್ಲೊವಾಕಿಯದ ನಕ್ಷೆಯದು. ಎರಡು ಕಡೆ ಕಾಲು ಹಾಕಿ ಕೂರುವ ಜನರನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ ಯಂತ್ರಗಳು ಅವು. ಐದೂವರೆ ಮೀಟರ್ ಸೀರೆಯೊಂದು ತಮ್ಮ ಬೆನ್ನೇರಲಿದೆಯೆಂದು ಅವುಗಳನ್ನು ರಚಿಸಿದವರಿಗೆ ಹೊಳೆದಿರಲಾರದು. ಆದರೂ ಜಾವಾ ಒಂದು ಉಪಕಾರ ಮಾಡಿತ್ತು: ಅದರ ಚೈನು ಪೂರ್ತಿಯಾಗಿ ತಗಡಿನ ಪೆಟ್ಟಿಗೆಯೊಳಗೆ ಅಡಗಿದ್ದುದರಿಂದ ಬಟ್ಟೆಗೆ ಎಣ್ಣೆಯ ಕಲೆ ತಾಗುತ್ತಿರಲಿಲ್ಲ. ಎರಡೂ ಪಕ್ಕಕ್ಕೆ ಒಂದೊಂದರಂತೆ ಕಾದ ಸೈಲೆನ್ಸರ್ ಇದ್ದುದರಿಂದ, ಎಡಗಡೆ ಇಳಿಬಿಟ್ಟ ಕಾಲಿಗೂ ಸೀರೆಯ ಅಂಚಿಗೂ ಅಪಾಯವಿಲ್ಲದಿರಲಿಲ್ಲ ಎಂಬುದು ಬೇರೆಯ ಮಾತು. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಯೆಜ್ಡಿಗಳನ್ನು ಮಕ್ಕಳಂತೆ ಸಾಕಿಕೊಂಡವರು ಇಂದಿಗೂ ಇದ್ದಾರೆ.

ಸೀರೆ ಗಾರ್ಡೆಂಬ ಸಲಾಕೆಯ ಜಾಲರಿ ಈ ನೆಲದ ಅಗತ್ಯದಿಂದ ಹುಟ್ಟಿದ ವಸ್ತು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಇದಕ್ಕೆ ಕಾನೂನಿನ ಬಲವನ್ನು ಕೊಟ್ಟಿದೆ. ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಭದ್ರವಾದ ಹಿಡಿ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಗಾಲಿಗೆ ಸಿಕ್ಕದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದ ಮರೆ, ಈ ಮೂರೂ ಇರಲೇಬೇಕೆಂದು ಅದರ ವಿಧಿ. ಕಾನೂನು ಕೂರಿಸಿದುದನ್ನು ಸೊಬಗಿಗಾಗಿ ಬಿಚ್ಚುವವರಿಗೆ ಏನು ಹೇಳುವುದು!

ರಾಜಾನುಕುಂಟೆಯಲ್ಲಿ ಕಾಫಿಗೆಂದು ಗಾಡಿ ನಿಂತಿತು. ಇಳಿದ ಶ್ರೀಮತಿಯವರು ಒಂದು ನಿಮಿಷ ಹೆಜ್ಜೆ ಎತ್ತಲಿಲ್ಲ.

"ಯಾಕೆ, ಏನಾಯ್ತು?" ಎಂದರು ಯಜಮಾನರು.

"ಏನಿಲ್ಲ. ಎಡಗಾಲು ಇದೆಯೋ ಇಲ್ಲವೋ ನೋಡ್ತಾ ಇದ್ದೆ."

ಒಂದೇ ಪಕ್ಕಕ್ಕೆ ಕೂರುವವರ ಕಷ್ಟದ ಮೂಲ ಇಲ್ಲಿದೆ. ಒಂದು ಪಾದ ಪುಟ್ಟ ಫುಟ್‌ರೆಸ್ಟಿನ ಮೇಲೆ, ಇನ್ನೊಂದು ಅಂತರಿಕ್ಷದಲ್ಲಿ. ತೊಡೆಗೆ ಆಧಾರವೆಂದರೆ ಸೀಟಿನ ಅಗಲವಷ್ಟೆ. ಅದು ಒಂದು ಗೇಣಿಗಿಂತ ತುಸು ಹೆಚ್ಚು. ಗಾಡಿ ಮುಂದಕ್ಕೆ ನೆಗೆದರೆ ಮೈ ಎಡಕ್ಕೆ ವಾಲುತ್ತದೆ, ಬ್ರೇಕು ಒತ್ತಿದರೆ ಬಲಕ್ಕೆ. ಬಲಗೈ ಯಜಮಾನರ ಹೆಗಲನ್ನು ಹಿಡಿದಿದ್ದರೆ ಎಡಗೈಗೆ ಸೀಟಿನ ಹಿಂದಿನ ಹಿಡಿ ಸಿಕ್ಕಬೇಕು. ಆ ಕೈಯಲ್ಲಿಯೇ ಹಣ್ಣುಕಾಯಿಯ ಬುಟ್ಟಿ ಇದ್ದರೆ ಉಳಿದುದು ಸುಬ್ರಹ್ಮಣ್ಯನ ಕೃಪೆ. ಎರಡೂ ಪಾದಗಳನ್ನು ಒಟ್ಟಿಗೆ ಊರಬಹುದಾದ ಅಗಲವಾದ ಪಟ್ಟಿಯೊಂದನ್ನು ಸೀರೆ ಗಾರ್ಡಿಗೆ ಸೇರಿಸಿ ಕೂರಿಸುವ ಪದ್ಧತಿ ಇದೆ. ಕೆಲವನ್ನು ಬೋಲ್ಟು ಸಡಿಲಿಸಿ ಮೇಲೆ ಕೆಳಗೆ ಸರಿಸಬಹುದು, ಬೇಡವಾದಾಗ ಮಡಿಸಬಹುದು. ಮೊಣಕಾಲು ಹೊಟ್ಟೆಗೆ ಒತ್ತುವಷ್ಟು ಮೇಲೂ ಅಲ್ಲ, ಪಾದ ತುದಿಬೆರಳಲ್ಲಿ ನಿಲ್ಲುವಷ್ಟು ಕೆಳಗೂ ಅಲ್ಲ, ಆ ನಡುವಿನ ಎತ್ತರವನ್ನು ಅಂಗಡಿಯಾತ ಹೇಳಲಾರ. ಕೂರುವವರನ್ನೇ ಕೂರಿಸಿ ನೋಡಬೇಕು. ಯಜಮಾನರು ಕೊಂಡ ಚರ್ಮದ ಚೀಲಗಳಲ್ಲಿ ಎಡಗಡೆಯದು ಅಷ್ಟು ಹೊತ್ತೂ ಶ್ರೀಮತಿಯವರ ಕಾಲಿನ ಜಾಗವನ್ನೇ ಆಕ್ರಮಿಸಿತ್ತೆಂಬುದು ಕಾಫಿ ಮುಗಿಯುವ ವೇಳೆಗೆ ಗೊತ್ತಾಯಿತು. ಚೀಲ ಬಿಚ್ಚಿ ಬಲಕ್ಕೆ ಬಂತು. ಬುಟ್ಟಿ ಅದರೊಳಗೆ ಸೇರಿತು.

ಎರಡು ಕಡೆ ಕಾಲು ಹಾಕಿ ಕೂರುವುದೇ ಹೆಚ್ಚು ಕ್ಷೇಮವೆಂಬುದರಲ್ಲಿ ವಾದವಿಲ್ಲ. ಭಾರ ಸಮನಾಗುತ್ತದೆ, ತಿರುವಿನಲ್ಲಿ ಇಬ್ಬರ ಮೈಯೂ ಒಟ್ಟಿಗೆ ಬಾಗುತ್ತದೆ. ಚೂಡಿದಾರ ಧರಿಸುವ ತರುಣಿಯರು ಹಾಗೆಯೇ ಕೂರುತ್ತಾರೆ. ಆದರೆ ದುಪಟ್ಟಾ ಸೆರಗಿಗಿಂತ ಸಾಧುವೆಂದು ಯಾರೂ ತಿಳಿಯಬಾರದು. ಸೆರಗಿಗೆ ಒಂದು ತುದಿ, ದುಪಟ್ಟಾಕ್ಕೆ ಎರಡು. ಹಾಗೆ ಕೂರುವವರಿಗೆ ಬೆನ್ನಿಗೊಂದು ಬ್ಯಾಕ್‌ರೆಸ್ಟ್ ಸಿಕ್ಕರೆ ದೂರದ ಪ್ರಯಾಣದ ಅರ್ಧ ದಣಿವು ಹೋಗುತ್ತದೆ. ಹಿಂದಕ್ಕೆ ಮುಂದಕ್ಕೆ ಸರಿಯುವ, ಕೋನ ಬದಲಿಸಬಹುದಾದ ಬ್ಯಾಕ್‌ರೆಸ್ಟುಗಳೂ ಇವೆ. ಅದು ಸೊಂಟಕ್ಕೆ ತಾಗಬೇಕೇ ಹೊರತು ಹೆಗಲಿಗಲ್ಲ. ಸೀಟಿನ ಮಾತೂ ಅಷ್ಟೆ: ಅಂಗಡಿಯಲ್ಲಿ ಒತ್ತಿ ನೋಡಿದಾಗ ಮೆತ್ತಗಿರುವುದು 20 ಕಿಲೋಮೀಟರಿನ ಮೇಲೆ ಕುಸಿದು ಹಲಗೆಯಾಗುತ್ತದೆ. ಮುಂದಕ್ಕೆ ಇಳಿಜಾರಾಗಿದ್ದರಂತೂ ಒಂದೊಂದು ಬ್ರೇಕಿಗೂ ಹಿಂದಿನವರು ಜಾರಿಬಂದು ಹೆಲ್ಮೆಟ್ಟಿಗೆ ಹೆಲ್ಮೆಟ್ ಡಿಕ್ಕಿ ಹೊಡೆಯುತ್ತದೆ. ಕರ್ನಾಟಕದಲ್ಲಿ 2016ರಿಂದ ಹಿಂದಿನವರಿಗೂ ಹೆಲ್ಮೆಟ್ ಕಡ್ಡಾಯವಾದ ಮೇಲೆ ಈ ಸಂಗೀತ ಎಲ್ಲರಿಗೂ ಪರಿಚಿತ.

ದೊಡ್ಡಬಳ್ಳಾಪುರವನ್ನು ಹೊಕ್ಕರೆ ಕಣ್ಣಿಗಿಂತ ಮೊದಲು ಕಿವಿಗೆ ಊರು ಸಿಕ್ಕುತ್ತದೆ. ನೇಕಾರರ ಬೀದಿಗಳಲ್ಲಿ ವಿದ್ಯುತ್ ಮಗ್ಗಗಳ ಲಟಪಟ ಸದ್ದು ಮನೆಯಿಂದ ಮನೆಗೆ ಹರಿಯುತ್ತದೆ. ಬಾಗಿಲಲ್ಲಿ ನಿಂತು ಮಾತಾಡುವವರು ಅದಕ್ಕೆ ತಕ್ಕಂತೆ ಸ್ವರ ಏರಿಸಿ ಮಾತಾಡುತ್ತಾರೆ. ವಿಮರ್ಶಕ ಡಿ. ಆರ್. ನಾಗರಾಜ್ ಇಂಥ ನೇಕಾರ ಮನೆತನದಿಂದ ಬಂದವರು. ಅವರ ಹೆಸರಿನ ಮೊದಲಕ್ಷರ ಈ ಊರಿನದೇ. ರೇಷ್ಮೆ ಸೀರೆ ಇಲ್ಲಿನ ಅನ್ನ. ಇಲ್ಲಿ ನೇಯ್ದು ಮಡಿಸಿ ಕಳುಹಿಸಿದ ಸೀರೆ ಎಲ್ಲೋ ಒಂದು ಮೋಟಾರ್ ಸೈಕಲ್ಲಿನ ಹಿಂದಿನ ಸೀಟನ್ನೇರುವುದು ಖಂಡಿತ. ಸೀರೆಯ ಊರಿನಲ್ಲಿ ಸೀರೆ ಗಾರ್ಡು ಸಿಕ್ಕದಿದ್ದೀತೆ?

ಮೆಕ್ಯಾನಿಕ್ ಗಾಡಿಯ ಎಡಗಡೆ ಒಮ್ಮೆ ಕಣ್ಣಾಡಿಸಿದ.

"ಇದನ್ನ ಯಾಕ್ ಸಾರ್ ಬಿಚ್ಚಿಸಿದ್ರಿ?"

ಯಜಮಾನರು ರಸ್ತೆಯ ಕಡೆ ನೋಡಿದರು. ಶ್ರೀಮತಿಯವರು ಸೆರಗನ್ನು ಮುಂದಕ್ಕೆ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ಚೆನ್ನಾಗಿ ಕಾಣಲಿಲ್ಲವಂತೆ" ಎಂದರು.

ಗಾರ್ಡು, ಅದರೊಡನೆ ಅಗಲವಾದ ಕಾಲುಪಟ್ಟಿ ಕೂತಿತು. ಮೆಕ್ಯಾನಿಕ್ ಅಷ್ಟಕ್ಕೇ ಬಿಡಲಿಲ್ಲ. ಇಬ್ಬರನ್ನೂ ಹತ್ತಿಸಿ, ಹಿಂಭಾಗ ಎಷ್ಟು ಕುಸಿಯುತ್ತದೆಂದು ನೋಡಿ, ಗಾಡಿಯ ಜೊತೆಗೆ ಬರುವ ಕೊಕ್ಕೆಯಂಥ ಸ್ಪ್ಯಾನರನ್ನು ಕೇಳಿದ. ಯಜಮಾನರು ಅದನ್ನು ಆ ದಿನದವರೆಗೆ ಹೊರಗೆ ತೆಗೆದವರಲ್ಲ. ಹಿಂದಿನ ಶಾಕ್ ಅಬ್ಸಾರ್ಬರುಗಳ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಬಳೆಯೊಂದಿರುತ್ತದೆ. ಅನೇಕ ಗಾಡಿಗಳಲ್ಲಿ ಐದು ಮೆಟ್ಟಿಲು. ಸ್ಪ್ಯಾನರ್ ಹಾಕಿ ತಿರುಗಿಸಿದಂತೆಲ್ಲ ಸ್ಪ್ರಿಂಗು ಮೊದಲೇ ಅಷ್ಟಷ್ಟು ಅದುಮಿಕೊಳ್ಳುತ್ತದೆ. ಇದರಿಂದ ಸ್ಪ್ರಿಂಗು ಬಿರುಸಾಗುವುದೆಂದು ಹಲವರ ನಂಬಿಕೆ, ಅದು ನಿಜವಲ್ಲ. ಇಬ್ಬರ ಭಾರಕ್ಕೆ ಕುಸಿದ ಹಿಂಭಾಗ ಮೇಲೆದ್ದು, ಹಂಪು ಬಂದಾಗ ಕುಗ್ಗಲು ಸ್ಪ್ರಿಂಗಿಗೆ ಎಡೆ ಉಳಿಯುತ್ತದೆ, ಅಷ್ಟೆ. ಆದರೆ ಆ ಅಷ್ಟೇ ಬಹಳ. ಸವಾರ ಎರಡು ಗಾಲಿಗಳ ನಡುವೆ ಕೂತಿರುತ್ತಾನೆ. ಹಿಂದಿನವರು ಹಿಂದಿನ ಗಾಲಿಯ ನೆತ್ತಿಯ ಮೇಲೆಯೇ ಕೂತಿರುತ್ತಾರೆ. ಸ್ಪ್ರಿಂಗು ಪೂರ್ತಿ ಕುಗ್ಗಿ ತಳಕ್ಕೆ ಬಡಿದರೆ ಆ ಪೆಟ್ಟು ನೇರವಾಗಿ ಅವರ ಬೆನ್ನುಮೂಳೆಗೆ. ಹಿಂಭಾಗ ಕುಸಿದಿದ್ದರೆ ರಾತ್ರಿ ಹೆಡ್‌ಲೈಟು ಕೂಡ ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣನ್ನು ಹುಡುಕುತ್ತದೆ. ಎರಡು ಪಕ್ಕಕ್ಕೂ ಒಂದೇ ಮೆಟ್ಟಿಲು ಇಡಬೇಕೆಂದೂ, ಹಿಂದಿನ ಟೈರಿಗೆ ಇಬ್ಬರಿದ್ದಾಗ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ ಹೆಚ್ಚಿಸಬೇಕೆಂದೂ ಹೇಳಿ ಮೆಕ್ಯಾನಿಕ್ ಕೈ ಒರೆಸಿಕೊಂಡ.

ಅಲ್ಲಿಗೆ ಇನ್ನೊಂದು ಸಂಸಾರ ಬಂದು ನಿಂತಿತ್ತು. ಟ್ಯಾಂಕಿನ ಮೇಲೊಂದು ಮಗು, ನಡುವೆ ಇನ್ನೊಂದು. ಸವಾರನ ಜೊತೆಗೆ ಒಬ್ಬರಿಗಿಂತ ಹೆಚ್ಚು ಕೂಡದೆಂದು 1988ರ ಕಾಯ್ದೆ ಹೇಳುತ್ತದೆ. 4 ವರ್ಷದೊಳಗಿನ ಮಗುವಿಗೆ ಅಂಗಿಯಂತೆ ತೊಡಿಸಿ, ಅಳತೆಗೆ ತಕ್ಕಂತೆ ಬಿಗಿಮಾಡಿ, ಪಟ್ಟಿಗಳನ್ನು ಸವಾರನ ಹೆಗಲಿಗೆ ಹಾಕುವ ಸುರಕ್ಷಾ ಕವಚ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮವನ್ನು 2022ರ ಫೆಬ್ರವರಿಯಲ್ಲಿ ಪ್ರಕಟಿಸಿ ಒಂದು ವರ್ಷದ ನಂತರ ಜಾರಿಗೆ ತರಲಾಯಿತು. ಆ ಕವಚವನ್ನು ತೊಟ್ಟ ಮಗುವನ್ನು ಈ ರಸ್ತೆಯಲ್ಲಿ ಹುಡುಕುವವರು ಬಿಡುವು ಮಾಡಿಕೊಂಡು ಬರಬೇಕು.

ಊರು ದಾಟಿದ ಮೇಲೆ ದಾರಿ ಬೇರೆಯದೇ ಆಗುತ್ತದೆ. ದ್ರಾಕ್ಷಿಯ ಚಪ್ಪರ, ರಾಗಿಯ ಹೊಲ, ನೀಲಗಿರಿಯ ತೋಪು. ಉತ್ತರಕ್ಕೆ ಮಾಕಳಿದುರ್ಗದ ಬಂಡೆಯ ಬೆಟ್ಟ, ಅದರ ನೆತ್ತಿಯಲ್ಲಿ ಹಾಳುಬಿದ್ದ ಕೋಟೆ, ಕೆಳಗೆ ಹಿಂದೂಪುರದ ಕಡೆ ಬಳುಕಿ ಸಾಗುವ ರೈಲು ಹಾದಿ. ಇಷ್ಟು ಹೊತ್ತೂ ಎಡಗೈಯಲ್ಲಿ ಸೆರಗನ್ನೂ ಕಣ್ಣಲ್ಲಿ ಗಾಲಿಯನ್ನೂ ಕಾಯುತ್ತಿದ್ದ ಶ್ರೀಮತಿಯವರು ಈಗ ತಲೆಯೆತ್ತಿ ಬೆಟ್ಟವನ್ನು ನೋಡಿದರು. ಒಂದೇ ಪಕ್ಕಕ್ಕೆ ಕೂರುವವರಿಗೆ ಒಂದು ಲಾಭವುಂಟು. ಸವಾರನಿಗೆ ರಸ್ತೆ ಮಾತ್ರ. ಎಡಗಡೆಯ ಸೀಮೆಯೆಲ್ಲ ಅವರದೇ.

ಘಾಟಿಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ ಮುಖ ಮಾಡಿದ್ದಾನೆ. ಅದೇ ಶಿಲೆಯ ಬೆನ್ನಿಗೆ ನರಸಿಂಹ ಪಶ್ಚಿಮಕ್ಕೆ. ಎದುರಿಗೆ ನಿಂತ ಭಕ್ತನಿಗೆ ಹಿಂದಿನ ದೇವರೂ ಕಾಣಲೆಂದು ಗರ್ಭಗುಡಿಯಲ್ಲಿ ಕನ್ನಡಿ ಇಟ್ಟಿದ್ದಾರೆ. ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವದಲ್ಲಿ ಇಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ದನಗಳ ಜಾತ್ರೆಯೂ ಹೆಸರಾದದ್ದು. ಮಕ್ಕಳ ಫಲವನ್ನು ಬೇಡಿ ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ದರ್ಶನ ಮುಗಿಸಿ ಬಂದು ಗಾಡಿ ಏರಿದ ಯಜಮಾನರು, ಆ ಕನ್ನಡಿಯ ನೆನಪಿನಿಂದಲೋ ಏನೋ, ತಮ್ಮ ಎಡಗಡೆಯ ಕನ್ನಡಿಯನ್ನು ತುಸು ಒಳಕ್ಕೆ ತಿರುಗಿಸಿದರು. ರಸ್ತೆಯ ಜೊತೆಗೆ ಶ್ರೀಮತಿಯವರ ಮುಖದ ಒಂದಂಚೂ ಕಂಡಿತು.

ಹಿಂದಿರುಗುವಾಗ ದೊಡ್ಡಬಳ್ಳಾಪುರದಲ್ಲಿ ಒಂದು ಸೀರೆಯ ಖರೀದಿ ಆಗದಿದ್ದೀತೆ? ಆಯಿತು. ಬಲಗಡೆಯ ಚೀಲದಲ್ಲಿ ಬುಟ್ಟಿಯ ಮೇಲೆ ಸೀರೆಯ ಪೊಟ್ಟಣ ಕೂತಿತು. ಕತ್ತಲಾಗುತ್ತ ಬಂದಿತ್ತು. "ರೀ, ಹಂಪು" ಎಂದು ಹಿಂದಿನ ಸೀಟಿನಿಂದ ಎರಡು ಸಲ ಎಚ್ಚರಿಕೆ ಬಂತು. ಎರಡು ಸಲವೂ ಯಜಮಾನರು ಅದನ್ನು ಕಂಡಿರಲಿಲ್ಲ. ರಾಜಾನುಕುಂಟೆಯಲ್ಲಿ ಮತ್ತೆ ಕಾಫಿ ಕುಡಿದು ಹೊರಟಾಗ ಪಕ್ಕದ ಬಸ್ಸಿನ ಕಿಟಕಿಯಿಂದ ಯಾರೋ ಗಟ್ಟಿಯಾಗಿ ಕೂಗಿದರು. ಶ್ರೀಮತಿಯವರ ಕೈ ಅಭ್ಯಾಸಬಲದಿಂದ ಸೆರಗಿಗೆ ಹೋಯಿತು. ಸೆರಗು ಸೊಂಟದಲ್ಲಿ ಭದ್ರವಾಗಿತ್ತು.

ಬಸ್ಸಿನಾತ ಕೂಗಿದ್ದು, "ಅಣ್ಣಾ, ಸ್ಟ್ಯಾಂಡು!" ಎಂದು.