ಸೀಟು ಬಿಡುವ ಕಷ್ಟ

ಕುಳಿತ ಸೀಟನ್ನು ಬಿಡುವುದು ಎಷ್ಟು ಕಷ್ಟವೆಂಬುದನ್ನು ನಾವು ಸಾಮಾನ್ಯವಾಗಿ ಶಾಸನಸಭೆಯ ವರದಿಗಳಿಂದ, ಹೆಚ್ಚೆಂದರೆ ಸಿಟಿ ಬಸ್ಸಿನ ಅನುಭವದಿಂದ ತಿಳಿದುಕೊಳ್ಳುತ್ತೇವೆ. ಮೋಟಾರು ಕಾರಿನ ವಿಷಯದಲ್ಲಿಯೂ ಅದು ಅಷ್ಟೇ ಕಷ್ಟವೆಂದು ನನಗೆ ತಿಳಿಸಿಕೊಟ್ಟದ್ದು 2022ರ ಸೆಪ್ಟೆಂಬರ್ ತಿಂಗಳ ಮಳೆ. ಒಂದು ವ್ಯತ್ಯಾಸ ಮಾತ್ರ ಉಂಟು. ಅಲ್ಲಿ ಮನುಷ್ಯ ಸೀಟನ್ನು ಹಿಡಿದುಕೊಂಡಿರುತ್ತಾನೆ. ಇಲ್ಲಿ ಸೀಟು ಮನುಷ್ಯನನ್ನು ಹಿಡಿದುಕೊಂಡಿರುತ್ತದೆ.

ಆ ತಿಂಗಳು ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಗಳ ಕಡೆ ಜನ ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಮನೆಯಿಂದ ಹೊರಬಂದದ್ದು ಓದುಗರಿಗೆ ನೆನಪಿರಬಹುದು. ನಮ್ಮ ಕಾರು ಮುಳುಗುವಷ್ಟು ಪುಣ್ಯವನ್ನಾಗಲಿ ಪಾಪವನ್ನಾಗಲಿ ಮಾಡಿರಲಿಲ್ಲ. ಬಾಗಿಲ ಸಂದಿಯಿಂದ ನುಗ್ಗಿದ ನೀರು ಕಾಲಿಡುವ ಜಾಗದ ಕಾರ್ಪೆಟ್ಟನ್ನು ತೋಯಿಸಿ ಹಿಂದಿರುಗಿತ್ತು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಆದರೆ ವಾರ ಕಳೆಯುವಷ್ಟರಲ್ಲಿ ಕಾರಿನೊಳಗೆ ಪಾಳುಬಾವಿಯ ವಾಸನೆ ಹುಟ್ಟಿತು. ಊದುಬತ್ತಿ, ಕರ್ಪೂರ, ನಿಂಬೆಹಣ್ಣು, ಅಡಿಗೆ ಸೋಡ ಎಲ್ಲ ಉಪಚಾರಗಳೂ ಆದುವು. ವಾಸನೆ ಅವೆಲ್ಲವನ್ನೂ ಸ್ವೀಕರಿಸಿ ಇನ್ನಷ್ಟು ಸಂಕೀರ್ಣವಾಯಿತು.

ನಗುವ ಮಾತು ಅಲ್ಲಿಗೆ ಮುಗಿಯಿತು. ನಮ್ಮ ಮೊಮ್ಮಗಳಿಗೆ ಉಬ್ಬಸದ ತೊಂದರೆ. ಕಾರಿನಲ್ಲಿ ಶಾಲೆಗೆ ಹೋಗಿಬಂದ ದಿನ ರಾತ್ರಿಯೆಲ್ಲ ಕೆಮ್ಮು. "ಮಾವ, ಇದು ಬೂಷ್ಟಿನ ವಾಸನೆ. ಒಳಗೆ ಪೂರ್ತಿ ಒಣಗದೆ ಮಗೂನ ಇದರಲ್ಲಿ ಕೂರಿಸೋದಿಲ್ಲ" ಎಂದಳು ಸೊಸೆ. ಒಳಗೆ ಒಣಗಬೇಕಾದರೆ ಕಾರ್ಪೆಟ್ ಏಳಬೇಕು. ಕಾರ್ಪೆಟ್ ಏಳಬೇಕಾದರೆ ಅದರ ಮೇಲೆ ಕುಳಿತಿರುವ ಸೀಟು ಏಳಬೇಕು.

ಕಾರು ತೊಳೆಯುವ ಅಂಗಡಿಯೊಂದರಲ್ಲಿ ವಿಚಾರಿಸಿದೆವು. "ಅರ್ಧ ಗಂಟೆ ಸಾರ್, ನಾಲ್ಕು ಬೋಲ್ಟು. ಬ್ಯಾಟರಿಗೀಟರಿ ಮುಟ್ಟೋದೇನೂ ಬೇಡ" ಎಂದ ಅಲ್ಲಿನ ಹುಡುಗ. ಅವನ ಉತ್ಸಾಹವನ್ನು ಮೆಚ್ಚಿ ಮನೆಗೆ ಬಂದೆವು. ಆ ಭಾನುವಾರ ನನ್ನ ತಂಗಿಯ ಮಗ ಮೈಸೂರಿನಿಂದ ಬರುವವನಿದ್ದ. ಇಪ್ಪತ್ತು ವರ್ಷ ಗ್ಯಾರೇಜಿನಲ್ಲಿ ಕೈ ಕರಿದು ಮಾಡಿಕೊಂಡವನು.

ಅವನು ಬಂದವನೇ ಪಾನಾ ಹಿಡಿಯಲಿಲ್ಲ. ಕಾರಿನ ಜೊತೆ ಕೊಟ್ಟಿದ್ದ ಪುಸ್ತಕವನ್ನು ಕೇಳಿದ. ಓದಿ, ಬ್ಯಾಟರಿಯ ಕಪ್ಪು ತುದಿಯ, ಎಂದರೆ ಋಣ ತುದಿಯ, ತಂತಿಯನ್ನು ಮೊದಲು ಬಿಚ್ಚಿ ಪಕ್ಕಕ್ಕೆ ಸರಿಸಿಟ್ಟ. ಅನಂತರ ಕಾಫಿ ಕೇಳಿದ. ಕಾಫಿಯಾಯಿತು, ಇನ್ನೂ ಕುಳಿತೇ ಇದ್ದ.

"ಏನಪ್ಪಾ, ಮುಹೂರ್ತ ನೋಡುತ್ತಿದ್ದೀಯಾ?" ಎಂದೆ.

"ಮುಹೂರ್ತವೇ ಮಾವ. ಈ ಸೀಟಿನ ಪಕ್ಕೆಯೊಳಗೆ ಏರ್‌ಬ್ಯಾಗ್ ಇದೆ. ಬ್ಯಾಟರಿ ತೆಗೆದರೂ ಅದಕ್ಕೆ ಜೀವ ಇರುತ್ತೆ."

ವಿಷಯ ಹೀಗೆ. ಕಾರು ಗುದ್ದಿದ ಹೊಡೆತಕ್ಕೆ ಬ್ಯಾಟರಿಯೇ ಕಳಚಿಹೋದರೂ ಏರ್‌ಬ್ಯಾಗ್ ಅರಳಬೇಕಲ್ಲ. ಅದಕ್ಕಾಗಿ ಅದರ ನಿಯಂತ್ರಕದೊಳಗೆ ಒಂದಿಷ್ಟು ವಿದ್ಯುತ್ತನ್ನು ಬುತ್ತಿ ಕಟ್ಟಿ ಇಟ್ಟಿರುತ್ತಾರೆ. ಆ ಬುತ್ತಿ ಕರಗುವವರೆಗೆ ಕಾಯಬೇಕು. ಕೆಲವು ಕಾರುಗಳಿಗೆ ಒಂದೆರಡು ನಿಮಿಷ, ಕೆಲವಕ್ಕೆ ಹತ್ತು ನಿಮಿಷ ಅಥವಾ ಇನ್ನೂ ಹೆಚ್ಚು, ಪುಸ್ತಕವೇ ಪ್ರಮಾಣ. ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬುವ ಆ ಚೀಲ ಅಪಘಾತದಲ್ಲಿ ಪ್ರಾಣರಕ್ಷಕ. ಸೀಟಿನ ಮೇಲೆ ಬಾಗಿ ಕೆಲಸ ಮಾಡುವವನ ಮುಖಕ್ಕೆ ಸಿಡಿದರೆ ಅದೇ ಅಪಘಾತ. "ಆತುರಗಾರನಿಗೆ ಬುದ್ಧಿ ಮಟ್ಟ" ಎಂದ ನಮ್ಮ ಹಿರಿಯರು ಏರ್‌ಬ್ಯಾಗ್ ಕಂಡವರಲ್ಲ. ಆದರೂ ಅರ್ಧ ಗಂಟೆಯ ಹುಡುಗನನ್ನು ಕಂಡಿದ್ದರೆಂದು ತೋರುತ್ತದೆ.

ಕಾಲು ಗಂಟೆಯ ಮೇಲೆ ಅವನು ಎದ್ದ. ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ ಹಿಂದಿನ ಎರಡು ಬೋಲ್ಟು, ಪೂರ್ತಿ ಹಿಂದಕ್ಕೆ ತಳ್ಳಿ ಮುಂದಿನ ಎರಡು ಬೋಲ್ಟು ತೆಗೆದ. ವಿದ್ಯುತ್ತಿನಿಂದ ಸರಿಯುವ ಸೀಟಾದರೆ ಬ್ಯಾಟರಿ ಬಿಚ್ಚುವ ಮೊದಲೇ ಈ ಬೋಲ್ಟುಗಳನ್ನು ಸಡಿಲಿಸಿಕೊಳ್ಳಬೇಕಂತೆ. ಇಲ್ಲವಾದರೆ ಸೀಟು ಇದ್ದಲ್ಲೇ ಧರಣಿ ಕೂರುತ್ತದೆ. ಆಮೇಲೆ ಸೀಟನ್ನು ಹಿಂದಕ್ಕೆ ವಾಲಿಸಿ ಅಡಿಯಲ್ಲಿ ತೋರಿಸಿದ. ಹಳದಿ ಬಣ್ಣದ ಒಂದು ಕನೆಕ್ಟರ್. ಹಳದಿ ಕಂಡರೆ ಏರ್‌ಬ್ಯಾಗಿನ ಸಂಬಂಧವೆಂದು ತಿಳಿಯಬೇಕು. ತಂತಿಯನ್ನು ಎಳೆಯಬಾರದು, ಕೊಂಡಿಯನ್ನು ಒತ್ತಿ ಬಿಡಿಸಬೇಕು. ನೀರು ಅಲ್ಲಿಯವರೆಗೆ ಏರಿರಲಿಲ್ಲವೆಂದು ಟಾರ್ಚು ಹಾಕಿ ಖಾತ್ರಿ ಮಾಡಿಕೊಂಡ. ಏರಿದ್ದರೆ ಕಂಪನಿಯ ವರ್ಕ್‌ಷಾಪಿಗೇ ಒಪ್ಪಿಸಬೇಕಾಗಿತ್ತಂತೆ. ಸೀಟು ಹೊರಗಿರುವಾಗ ಬ್ಯಾಟರಿ ಜೋಡಿಸಿ ಬೀಗದ ಕೈ ತಿರುಗಿಸಬಾರದೆಂದು ಮನೆಯವರಿಗೆಲ್ಲ ಕಟ್ಟಪ್ಪಣೆಯಾಯಿತು. ತಿರುಗಿಸಿದರೆ ಕಾರು ಆ ಕೊರತೆಯನ್ನು ಬರೆದಿಟ್ಟುಕೊಂಡು ಕೆಂಪು ದೀಪ ಹತ್ತಿಸಿ ಕೂರುತ್ತದೆ.

ಸೀಟಿನ ತಲೆದಿಂಬು ತೆಗೆದು, ಹೊಸ್ತಿಲಿಗೆ ಹಳೆಯ ಕಂಬಳಿ ಹೊದಿಸಿ, ಅವನೂ ನನ್ನ ಮಗನೂ ಸೇರಿ ಅದನ್ನು ಇಳಿಸಿದರು. ಒಬ್ಬನೇ ಬಗ್ಗಿ ಎತ್ತಿದರೆ ಸೊಂಟ ಹಿಡಿಯುತ್ತದೆ. ಕೆಳಗಿನ ಹಳಿಯ ಅಂಚು ಕೈಯನ್ನೂ ಬಾಗಿಲ ಬಣ್ಣವನ್ನೂ ಒಂದೇ ಸಮನಾಗಿ ಗೀರುತ್ತದೆ.

ಸೀಟು ಹೋದ ಮೇಲೆ ಬಯಲಾದ ಜಗತ್ತನ್ನು ಏನೆಂದು ವರ್ಣಿಸಲಿ! ಕಡಲೆಕಾಯಿ ಸಿಪ್ಪೆ, ಬಾಡಿ ಕಂದಿದ ಮಲ್ಲಿಗೆ, ಮೊಮ್ಮಗಳ ಒಂಟಿ ಚಪ್ಪಲಿ, ಹದಿನೇಳು ರೂಪಾಯಿ ಚಿಲ್ಲರೆ. ಜೊತೆಗೆ ಎರಡೇ ಮಾತ್ರೆ ಉಳಿದಿದ್ದ ಒಂದು ಪಟ್ಟಿ. ಅದು ನಮ್ಮಣ್ಣನದು. ಕೊನೆಯ ವರ್ಷ ಆಸ್ಪತ್ರೆಗೆ ಹೋಗುವಾಗಲೆಲ್ಲ ಅವನು ಕುಳಿತದ್ದು ಇದೇ ಸೀಟಿನಲ್ಲಿ. ಅವನು ಹೋಗಿ ಆಗ ಒಂದು ವರ್ಷವಾಗಿತ್ತು. ಯಾರೂ ಏನೂ ಆಡಲಿಲ್ಲ. ಸೊಸೆ ಪಟ್ಟಿಯನ್ನು ಒರೆಸಿ ನನ್ನ ಕೈಗೆ ಕೊಟ್ಟಳು.

ಕಾರ್ಪೆಟ್ಟಿನ ಮೇಲ್ಮೈ ಒಣಗಿತ್ತು. ಅದರಡಿಯ ದಪ್ಪ ಹಾಸನ್ನು ಒತ್ತಿದರೆ ಮಾತ್ರ ಬೆರಳ ಸಂದಿಯಲ್ಲಿ ನೀರು ಜಿನುಗಿತು. ಎರಡು ವಾರ ನಾವು ಪೂಜೆ ಮಾಡಿದ್ದು ಈ ನೀರಿಗೆ! ಹಾಗೆಯೇ ಬಿಟ್ಟಿದ್ದರೆ ಬೂಷ್ಟು ಬೆಳೆಯುವುದಲ್ಲದೆ ತಳದ ತಗಡೂ ತುಕ್ಕು ಹಿಡಿಯುತ್ತಿತ್ತು. ಎಲ್ಲವನ್ನೂ ತೊಳೆದು, ಬಿಸಿಲಿಗೂ ಫ್ಯಾನಿಗೂ ಹಾಕಿದೆವು. ಸೀಟನ್ನು ಮಾತ್ರ ನೆಟ್ಟಗೆ ನಿಲ್ಲಿಸಿ, ಹಿಂಡಿದ ಬಟ್ಟೆಯಲ್ಲಿ ಒರೆಸಿದೆವು. ಪಕ್ಕೆಯಲ್ಲಿ ಏರ್‌ಬ್ಯಾಗ್ ಇರುವ ಸೀಟಿಗೆ ಅಭ್ಯಂಜನ ಸಲ್ಲದು.

ಮೂರನೆಯ ದಿನ ಮತ್ತೆ ಜೋಡಿಸುವ ಹೊತ್ತಿಗೆ ಅವನು ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಒಂದನ್ನು ಪಕ್ಕಕ್ಕಿಟ್ಟ. ತುಕ್ಕು ಅದರ ಮರೆಯನ್ನು ತಿಂದಿತ್ತು. "ಮೂರು ಸಾಲದೇನೋ?" ಎಂದ ನನ್ನ ಮಗ. ಆಗ ಅವನು ಒಂದು ಲೆಕ್ಕ ಹೇಳಿದ.

ಮೂರು ಕಡೆ ಬಿಗಿಯುವ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪನಿಯ ಕಾರುಗಳಿಗೆ ತಂದವನು ನಿಲ್ಸ್ ಬೋಲಿನ್ ಎಂಬ ಇಂಜಿನಿಯರು. ನಮ್ಮ ದೇಶದಲ್ಲಿ ಕಾರಿನ ಮುಂದಿನ ಸೀಟುಗಳಿಗೆ ಬೆಲ್ಟು ಕಡ್ಡಾಯವಾದದ್ದು 1994ರಲ್ಲಿ. ಚಾಲಕನ ಏರ್‌ಬ್ಯಾಗ್ 2019ರಲ್ಲಿ. ಈ ಬೆಲ್ಟಿನ ಕೊಂಡಿಯನ್ನು ಅನೇಕ ಕಾರುಗಳಲ್ಲಿ ಸೀಟಿನ ಚೌಕಟ್ಟಿಗೇ ಬಿಗಿದಿರುತ್ತಾರೆ. ಗಂಟೆಗೆ 50 ಕಿಲೋಮೀಟರ್ ಓಡುವ ಕಾರು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಬಿಟ್ಟರೆ, 60 ಕಿಲೋ ತೂಕದ ಮನುಷ್ಯನನ್ನು ತಡೆದು ಹಿಡಿಯಲು ಸುಮಾರು 850 ಕಿಲೋ ಭಾರದಷ್ಟು ಬಲ ಬೇಕು. ಆ ಎಳೆತದ ಒಂದು ಪಾಲು ಕೊಂಡಿಯಿಂದ ಸೀಟಿಗೆ, ಸೀಟಿನಿಂದ ನಾಲ್ಕು ಬೋಲ್ಟಿಗೆ ಇಳಿಯುತ್ತದೆ. "ಮಿಕ್ಕ ದಿನವೆಲ್ಲ ಮೂರೂ ಸಾಕು, ಎರಡೂ ಸಾಕು. ಆ ಒಂದು ದಿನಕ್ಕೆ ಸಾಲದು" ಎಂದ.

ನಮ್ಮ ಬದುಕಿನಲ್ಲಿ ಹೀಗೆ ಕಣ್ಣಿಗೆ ಬೀಳದೆ ಹಿಡಿದುಕೊಂಡಿರುವವರು ಎಷ್ಟು ಮಂದಿಯೋ. ಆಸನದ ಹೊದಿಕೆಯನ್ನು ಹೊಗಳುತ್ತೇವೆ, ಬೋಲ್ಟನ್ನು ಹೊಗಳಿದವರಿಲ್ಲ. ಅದನ್ನು ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ತಂದವನ ಹೆಸರನ್ನು ಕೇಳಿದವರಂತೂ ಇಲ್ಲವೇ ಇಲ್ಲ.

ಅದೇ ಅಳತೆಯ ಬೋಲ್ಟು ಬರಲು ಎರಡು ದಿನ ಹಿಡಿಯಿತು. ಬಂದ ಮೇಲೆ ನಾಲ್ಕನ್ನೂ ಮೊದಲು ಬೆರಳಲ್ಲೇ ತಿರುಗಿಸಿ, ಅನಂತರ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಮುಗಿಸಿದ. ಹಳದಿ ಕೊಂಡಿ ಕೂಡಿಸಿ, ಕಡೆಗೆ ಬ್ಯಾಟರಿ ಜೋಡಿಸಿ, ಬೀಗದ ಕೈ ತಿರುಗಿಸಿದ. ಕೆಂಪು ದೀಪ ಹತ್ತಿ, ಕೆಲವು ಸೆಕೆಂಡು ಯೋಚಿಸಿ, ಆರಿತು. ಆ ಎರಡು ದಿನವೂ ಮೊಮ್ಮಗಳು ಆಟೋದಲ್ಲಿಯೇ ಶಾಲೆಗೆ ಹೋಗಿಬಂದಳು.